ಓರೆ ಕೊಯ್ತ

ಮತ್ತೆ ಆ ಲೇಸರಿನ ಕೆಂಪು ಚುಕ್ಕೆ, ಪರದೆಯ ಮೇಲೆ ನೊಣದ ಹಾಗೆ ಕೂತು ಏಳುತ್ತಿದೆ, ಪ್ರೊಫೆಸರರ ಕೈ ನಡುಗುತ್ತಿದೆ, ವಯಸ್ಸೋ ಪ್ರಶಸ್ತಿಯ ಸಂಭ್ರಮವೋ, ಮೊದಲ ಸಾಲಿನ ಸೂಟುಗಳೆಲ್ಲ ತಲೆಯಾಡಿಸುತ್ತಿವೆ, ಕೀಲಿ ಕೊಟ್ಟ ಗೊಂಬೆಗಳು, ಇವರಲ್ಲಿ ಒಬ್ಬರಾದರೂ ಕಪ್ಪೆಚಿಪ್ಪಿನ ವೀರ್ಯಾಣುವನ್ನು ಕಣ್ಣಾರೆ ಕಂಡಿದ್ದಾರೆಯೇ, ಕಂಡವಳು ನಾನು, ಹದಿನೆಂಟು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತು, ವಜ್ರದ ಅಲಗಿನಿಂದ ಪದರ ಪದರವಾಗಿ ಕೊಯ್ದವಳು, ಇದನ್ನ ನೋಡೋಕೂ ಸಂಬಳ ಕೊಡ್ತಾರಾ ಎಂದು ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು, ಕೊಡ್ತಾರೆ ಅತ್ತಿಗೆ, ನೋಡಿದವಳಿಗೆ ಸಂಬಳ, ನೋಡದವರಿಗೆ ಪ್ರಶಸ್ತಿ. ಚಿಪ್ಪನ್ನು ನಂಬಬೇಡಿ, ಎನ್ನುತ್ತಿದ್ದಾರೆ ಈಗ ಪ್ರೊಫೆಸರರು, ಅಲೆಯ ಹೊಡೆತಕ್ಕೆ ತಕ್ಕಂತೆ ಅದು ಆಕಾರ ಬದಲಿಸುತ್ತೆ, ವಂಶ ತಿಳೀಬೇಕಾ, ವೀರ್ಯಾಣು ನೋಡಿ — ಅಷ್ಟು ನಿಜ, ಗಿಳಿಪಾಠವಾದರೂ ನಿಜ, ಮುಂದೆ ಅಂಡದ ಪೊರೆ ತೂರುವ ಚೂಪು ಮೊನೆ, ಹಿಂದೆ ಬಾಲ, ನಡುವೆ ಬಾಲಕ್ಕೆ ಕಸುವು ಕೊಡುವ ಮೈಟೋಕಾಂಡ್ರಿಯಾ ಗುಂಡುಗಳ ಉಂಗುರ, ಅವುಗಳ ಎಣಿಕೆ ಯಾರು ಯಾರ ನಂಟರೆಂದು ಸುಳಿವು ಕೊಡುತ್ತದೆ, ಈ ಬಳಗದಲ್ಲಿ ಎಲ್ಲಕ್ಕೂ ಐದು, ಪರದೆಯ ಮೇಲಿನ ಈ ಜಾತಿಗೆ ಮಾತ್ರ ನಾಲ್ಕು, ಹಾಗಾಗಿ ಇದು ಬೇರೆಯೇ ಕವಲು, ಚಪ್ಪಾಳೆ. ನಾಲ್ಕಂತೆ! ಅಲಗು ಓರೆಯಾಗಿ ಹೋಗಿತ್ತು, ನಾನೇ ಕೊಯ್ದದ್ದು, ಐದನೆಯದರ ಅಂಚಷ್ಟೇ ಸವರಿಕೊಂಡು ಹೋಗಿತ್ತು, ಮರುದಿನವೇ ನೇರವಾಗಿ ಕೊಯ್ದು, ಐದೂ ಕಾಣುವ ಚಿತ್ರವನ್ನು ಮಾತಿಲ್ಲದೆ ಅವರ ಮೇಜಿನ ಮೇಲಿಟ್ಟೆ, ಕೊಯ್ಯೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ, ಎಂದು ನಕ್ಕು ಅದರ ಮೇಲೆಯೇ ಕಾಫಿ ಲೋಟ ಇಟ್ಟರು. ಕಣ್ಣಿದ್ದೂ ಕುರುಡ, ಅಂದುಕೊಂಡೆ, ಪಾಪ, ಅಂತಲೂ ಅಂದುಕೊಂಡೆ, ಥೂ, ನನ್ನ ಕರುಣೆಗಿಷ್ಟು ಬೆಂಕಿ ಹಾಕ, ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದು ಕೆಲಸದ ಆಸೆಗೋ ಮರ್ಯಾದೆಗೋ —

ಯಾರೋ ಏನೋ ಕೇಳುತ್ತಿದ್ದಾರೆ, ಬೇರೆ ವಿಭಾಗದ ಮೇಡಂ ಒಬ್ಬರು, ಸರ್, ಎಷ್ಟು ಕೊಯ್ತ ನೋಡಿದ್ರಿ, ಇದೊಂದು ಓರೆಯಾಗಿದ್ರೆ? ಇವರು ನಗುತ್ತಾರೆ, ಲೋಟ ಇಟ್ಟ ದಿನದ ಅದೇ ನಗು, ನೂರಾರು ನೋಡಿದೀವಿ ಮೇಡಂ, ನಮ್ಮ ಲ್ಯಾಬಿನ ಹುಡುಗಿ ಅಲ್ಲೇ ಕೂತಿದಾಳೆ, ಬೇಕಾದ್ರೆ ಕೇಳಿ — ಹುಡುಗಿ! ನಲವತ್ತಾರಕ್ಕೆ ಹುಡುಗಿ — ಏನಮ್ಮಾ, ನಾಲ್ಕೇ ಅಲ್ವಾ? ತಲೆಗಳೆಲ್ಲ ನನ್ನತ್ತ, ಹೂಂ ಅಂದರೆ ಮುಗಿಯಿತು, ನಾಳೆಯೂ ಕೋಣೆ ನನ್ನದು, ಯಂತ್ರ ನನ್ನದು, ಯಾವಾಗ ಎದ್ದು ನಿಂತೆ ನಾನು, ಅಲ್ಲ ಸರ್, ಐದು. ಯಾರ ದನಿ ಇದು, ಇಷ್ಟು ಸಣ್ಣದು, ಆದರೂ ಕೊನೆಯ ಸಾಲಿಗೂ ಕೇಳಿಸಿತು, ಐದಿದೆ ಸರ್, ನೇರ ಕೊಯ್ದ ಚಿತ್ರ ಲ್ಯಾಬಲ್ಲಿದೆ, ಎಂದೆ, ಅಷ್ಟೇ, ಪರದೆಯ ಈ ಚಿತ್ರದಲ್ಲಿ ಐದನೆಯದು ಎಲ್ಲಿದೆ ಎಂದು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ, ಉಂಗುರದ ಎಡಕ್ಕೆ ಉಗುರಂಚಿನಷ್ಟು ಬೂದು ಮಸುಕು, ಕಲೆಯೆಂದು ಯಾರ ಕಣ್ಣೂ ದಾಟಿಹೋಗುವಂಥದು, ಕೆಂಪು ಚುಕ್ಕೆ ನೇರ ಅಲ್ಲಿಗೇ ಹೋಯಿತು, ಹುಡುಕಲಿಲ್ಲ, ತಡವರಿಸಲಿಲ್ಲ, ಕುರುಡನಲ್ಲ, ಎಂದೂ ಕುರುಡನಾಗಿರಲಿಲ್ಲ, ಬೂದು ಮಸುಕಿನ ಮೇಲೆ ಕೆಂಪು ಚುಕ್ಕೆ, ಈಗ ನಡುಗುತ್ತಲೂ ಇಲ್ಲ, ಕೆಂಪು ಚುಕ್ಕೆ