ಸಾಲಿನ ಮುಂದಿನ ಜಾಗ

ಶುಕ್ರವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಬೆಟಗೇರಿಯ ಆ ಓಣಿಯ ಹೆಂಗಸರು ದಾವಲಬಿಯ ಮನೆಕಟ್ಟೆಗೆ ಬಂದು ಕೂಡುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ಕೂತು, ಹಿಂದಿನವಳು ಮುಂದಿನವಳ ತಲೆಗೆ ಎಣ್ಣೆ ಹಚ್ಚಿ ಬಾಚುವಳು. ಎಲ್ಲರಿಗಿಂತ ಮುಂದೆ ಕೂತವಳ ಕೈಗೆ ಕೆಲಸವಿಲ್ಲ. ಅದಕ್ಕೇ ಕಥೆ ಹೇಳುವ ಪಾಳಿ ಅವಳದು. ಊರ ಮಂದಿಯ ಸುದ್ದಿ ನಡೆಯದು, ತನ್ನದೇ ಆಗಬೇಕು. ಇದು ದಾವಲಬಿಯ ಕಟ್ಟಪ್ಪಣೆ.

ಅಮೀರಾ ಮಾತ್ರ ಯಾವಾಗಲೂ ಸಾಲಿನ ಕೊನೆಗೆ ಕೂರುತ್ತಿದ್ದಳು. ಅವಳು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ಗದಗ ಜಿಲ್ಲೆಯಾದ ಮೇಲೆ ಗಂಡ ಅಯ್ಯೂಬ ಇಲ್ಲಿ ಲಾರಿ ಕೆಲಸ ಹಿಡಿದಿದ್ದ. ಓಣಿಯ ಎಷ್ಟೋ ತಲೆಗಳನ್ನು ಅವಳು ಬಾಚಿದ್ದಳು. ಅವಳ ಬೆನ್ನ ಹಿಂದೆ ಮಾತ್ರ ಗೋಡೆಯಿತ್ತು. ತಲೆಯ ಮೇಲಿನ ಸೆರಗನ್ನು ಯಾರೂ ಸರಿಸಿರಲಿಲ್ಲ.

ಆ ದಿನ ಅವಳ ಮಗಳು ಮಹೆಕ ಶಾಲೆ ತಪ್ಪಿಸಿ, ದಾವಲಬಿಯ ಹೊಸ್ತಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಹಿಂದಿನ ದಿನ ಶಾಲೆಯಲ್ಲಿ ಹುಡುಗಿಯರು ಅವಳ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ಎಂದು ಆಟವಾಡಿದ್ದರು. ಮರುದಿನ ಮುಂಜಾನೆ ರಹಮಾನಸಾಬನ ಕ್ಷೌರದಂಗಡಿಯಲ್ಲಿ ತಲೆ ಬೋಳಿಸಲು ಅವಳು ಅಪ್ಪನನ್ನು ಒಪ್ಪಿಸಿಯಾಗಿತ್ತು; ಓಣಿಗೆಲ್ಲ ಅದು ಸುದ್ದಿಯೂ ಆಗಿತ್ತು.

"ಬೋಳಿಸಿದರ ಮತ್ತ ಇಂಥಾವ ಬರತಾವಲ್ಲ?" ಎಂದು ಅಮೀರಾ ಕೇಳಿದ್ದಳು.

"ಮತ್ತ ಬೋಳಿಸ್ತೀನಿ," ಎಂದಿದ್ದಳು ಮಗಳು.

ಬೈದರೆ ಬಗ್ಗುವ ಕೂಸಲ್ಲ ಅದು. ಅಮೀರಾ ಬಂದು ತನ್ನ ಜಾಗದಲ್ಲಿ ಕೂತಳು.

ಮುಂದೆ ಕೂತಿದ್ದ ತುಳಸಾಬಾಯಿಯ ಕಥೆ ನಡೆದಿತ್ತು. "ಮಗನ್ನ ಕರಕೊಂಡು ನನ್ನ ನೋಡಾಕ ಬಂದ ಮುದುಕಿ ಮಟಮಟ ಮಧ್ಯಾಹ್ನ ಕಂದೀಲು ಹಚ್ಚಿಸಿ ಮಾರಿ ನೋಡಿದ್ಲು. ಹುಡುಗಿ ಕರೀ ಅದಾಳ ಅಂದ್ಲು. ನಾ ಅಂದೆ, ಅಜ್ಜಿ, ಅದ ಕಂದೀಲು ನಿಮ್ಮ ಮಗನ ಮಾರಿಗೂ ಹಿಡೀರಿ, ನಾನೂ ನೋಡತೀನಿ."

"ಹಿಡದ್ಲೇನು?"

"ಹಿಡದ್ಲು. ಅಂವ ನನಗಿಂತ ಕರೀ ಇದ್ದ. ಹಂಗಾಗೇ ಲಗ್ನಾತು!"

ಕಟ್ಟೆಯ ತುಂಬ ನಗೆ. ಆ ನಗೆ ಅಡಗುವ ಮೊದಲೇ ಅಮೀರಾ ಎದ್ದಳು. ಸಾಲನ್ನು ದಾಟಿ ಹೋಗಿ ತುಳಸಾಬಾಯಿಯ ಮುಂದೆ ಕೂತು, ತಲೆಯ ಸೆರಗನ್ನು ತಾನೇ ಇಳಿಸಿದಳು.

"ಇವತ್ತ ನಂದೂ ಆಗಲಿ, ಮೌಶಿ."

ತುಳಸಾಬಾಯಿ ಹಣಿಗೆಯನ್ನು ನೆತ್ತಿಗೆ ಇಟ್ಟು ಜಗ್ಗಿದಳು. ಟಕ್ಕೆಂದು ಹಲ್ಲು ಮುರಿಯಿತು.

"ಅಯ್ಯ ನನ್ನವ್ವಾ! ನನ್ನ ಹಣಿಗಿ ಹೋತು!"

"ಹಣಿಗಿ ಕೆಳಗ ಇಡ್ರಿ ಮೌಶಿ. ಎಣ್ಣಿ ಹಚ್ಚಿ, ತುದಿಯಿಂದ ಬೆರಳಲೆ ಬಿಡಿಸ್ಕೋತ ಮ್ಯಾಲೆ ಬರ್ರಿ. ಇದಕ್ಕ ಅವಸರ ಆಗಂಗಿಲ್ಲ," ಎಂದಳು ಅಮೀರಾ. ನಾಚಿಕೆ ಇರಲಿಲ್ಲ ಅವಳ ದನಿಯಲ್ಲಿ. ರೊಟ್ಟಿ ಬಡಿಯುವುದನ್ನು ಕಲಿಸುವವಳ ಹಾಗೆ ಹೇಳಿದಳು.

ಆಮೇಲೆ ಕಥೆ ತೆಗೆದಳು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅವಳನ್ನು ಕಂಡು, ಯಾವ ದೇಶದವಳೆಂದು ಇಂಗ್ಲಿಷಿನಲ್ಲಿ ಕೇಳಿದ್ದನಂತೆ. "ಯಣ್ಣಾ, ಮುಂಡರಗಿ ಬಸ್ಸು ಹೋತೇನು ಅಂದೆ. ಅಂವ ಕೈಯಾನ ಚಾ ಮೈಮ್ಯಾಲೆ ಚೆಲ್ಲಿಕೊಂಡ!"

ದಾವಲಬಿ ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಖರೇನ ನಿಮ್ಮವರು ಎಲ್ಲಿಯವರ, ಬೇಟಿ?" ಎಂದಳು.

"ಸಮುದ್ರದ ಆಚೆಯಿಂದ, ಆಫ್ರಿಕಾದಿಂದ ಹಡಗಿನ್ಯಾಗ ತಂದು ಮಾರಿದರಂತ, ಖಾಲಾ. ನಮ್ಮ ಅಮ್ಮಿಯ ತಾಯಿ, ನಾನಿ, ಹೇಳತಿದ್ಲು: ಊರು ಕಸಗೊಂಡರು, ಹೆಸರು ಕಸಗೊಂಡರು, ಮಾತೂ ಹೋತು. ತಲಿ ಮ್ಯಾಲಿನ ಈ ಸುರುಳಿ ಮಾತ್ರ ಕಸಗೊಳ್ಳಾಕ ಆಗಲಿಲ್ಲ. ಬೋಳಿಸಿದರೂ ಮತ್ತ ಅದ ಬಂತು. ನಾನಿ ಬೆರಳಿನಿಂದ ಬಿಡಿಸಿ, ನೆತ್ತಿಗೆ ಅಂಟಿಸಿ ಸಾಲು ಸಾಲು ಹೆರಳು ಹಾಕತಿದ್ಲು, ಹೊಲದಾಗ ಕುಂಟಿ ಹೊಡದಂಗ."

ತುಳಸಾಬಾಯಿಯ ಬೆರಳುಗಳು ನಿಧಾನವಾಗಿ ಒಂದೊಂದೇ ಸುರುಳಿ ಬಿಡಿಸುತ್ತಿದ್ದವು. ಆಕೆ, "ಎಷ್ಟು ಮೆತ್ತಗ ಅದಾವ ಇವು! ನೋಡಾಕ ಬಿರುಸು ಕಾಣತಿದ್ವು," ಎಂದಳು.

ಹೊಸ್ತಿಲು ಬಿಟ್ಟು ಮಹೆಕ ಯಾವಾಗ ಇಳಿದು ಬಂದಳೋ ಯಾರೂ ನೋಡಲಿಲ್ಲ. ತಾಯಿಯ ಮೊಣಕಾಲ ನಡುವೆ ಬೆನ್ನು ಮಾಡಿ ಕೂತುಬಿಟ್ಟಳು.

"ನಿನ್ನ ನಾನಿ ಹಾಕತಿದ್ದಂಥಾದ್ದು ಹಾಕ, ಅಮ್ಮಿ. ಜಗ್ಗಬ್ಯಾಡ."

ದಾವಲಬಿ ಬಿಡಲಿಲ್ಲ. "ಏ ಹುಡುಗಿ, ನಾಳಿ ರಹಮಾನಸಾಬ ನಿನ್ನ ದಾರಿ ಕಾಯತಾನಲ್ಲ?"

"ಅಪ್ಪಾ ಗಡ್ಡ ಮಾಡಿಸ್ಕೊಂಡು ಬರತಾನ ಬಿಡ್ರಿ."

"ಆತು. ಮುಂದ ಕುಂತೀದಿ, ಕಥಿ ಹೇಳಬೇಕಲ್ಲ?"

ಅಮೀರಾ ಬಟ್ಟಲಿನ ಎಣ್ಣೆಗೆ ಬೆರಳು ಅದ್ದಿದಳು. ಮಹೆಕ ಚಕ್ಕಳಮಕ್ಕಳ ಹಾಕಿ, ಗಂಟಲು ಸರಿ ಮಾಡಿಕೊಂಡಳು.

"ನಮ್ಮ ಶಾಲ್ಯಾಗ ಒಂದು ಪೆನ್ಸಿಲ್ ಇತ್ತು," ಎಂದು ಶುರುಮಾಡಿದಳು.