ಪಾಠ ನಿಲ್ಲಿಸುತ್ತಿದ್ದ ಮೇಷ್ಟ್ರು

ವೈ.ಎನ್.ಹೊಸಕೋಟೆ ಕಡೆ ಕಡಲೆಕಾಯಿ ಕೀಳುವ ಕಾಲ ಬಂದರೆ ನಮ್ಮೂರ ಶಾಲೆ ಅರ್ಧ ಖಾಲಿಯಾಗುತ್ತದೆ. ಈ ಸಲ ನನ್ನ ತಂಗಿ ಸುನಿತಾಳೂ ಶಾಲೆ ತಪ್ಪಿಸುವುದಿತ್ತು. ಅವಳು ಆರನೇ ಕ್ಲಾಸು. ನಾನು ಶಾಲೆ ಬಿಟ್ಟದ್ದೂ ಆರನೇ ಕ್ಲಾಸಿನಲ್ಲೇ, ಕಾಯಿ ಕೀಳುವ ಕಾಲದಲ್ಲೇ.

"ಸೋಮವಾರದಿಂದ ಹೊಲಕ್ಕೆ ಬರ್ಲಿ," ಎಂದು ಅವ್ವ ಹೇಳಿಯಾಗಿತ್ತು. ಕೂಲಿಯವರು ಸಿಗುವುದಿಲ್ಲ. ನಾನು ಎದುರು ಮಾತಾಡಲಿಲ್ಲ. ನನಗೆ ಅದು ಬರುವುದಿಲ್ಲ.

ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಅವ್ವನ ಜೊತೆ ಹೋಗಿ ಬಾಗಿಲ ಬಳಿ ಕೂತೆ. ಹೊಸದಾಗಿ ಬಂದಿರುವ ಯಶೋಧರಾ ಮೇಡಂಗೆ ಶಾಲೆ ಸುಧಾರಿಸಲು ಯೋಜನೆ ಬರೆದು ಕಳಿಸಿ ಎಂದು ಮೇಲಿನವರು ಹೇಳಿದ್ದರಂತೆ.

"ಹೊಸದು ಆಮೇಲೆ ನೋಡೋಣ," ಎಂದರು ಮೇಡಂ. "ಮೊದಲಿದ್ದವರು ಯೋಚನೆ ಮಾಡಿ ಏನೇನು ಮಾಡಿದ್ರು, ಅದನ್ನ ಹೇಳಿ. ವೆಂಕಟರಾಮಯ್ಯ ಮೇಷ್ಟ್ರ ಹತ್ರ ಓದಿದೋರು ಇಲ್ಲೇ ಇದೀರಲ್ಲ."

ಶಾಲಾ ಸಮಿತಿಯ ಅಧ್ಯಕ್ಷ ತಿಪ್ಪೇಶಣ್ಣ ಕಾಲು ಚಾಚಿದ. "ಅವ್ರದ್ದು ಒಂದೇ ಯೋಜ್ನೆ ಮೇಡಂ, ಹುಣಸೆ ಬರ್ಲು. ನೀವೂ ಒಂದು ಮುರ್ಕೊಂಡು ಬನ್ನಿ, ಶಾಲೆ ತಾನಾಗೇ ಸುಧಾರ್ಸ್ತದೆ."

ಗಂಡಸರೆಲ್ಲ ನಕ್ಕರು.

"ನಿಂಗೆ ಬಿದ್ದಿದ್ದು ಸಾಲ್ಲಿಲ್ಲ ಕಣ್ಲಾ," ಎಂದಳು ಅವ್ವ. "ಮಗ್ಗಿ ಇನ್ನೂ ಬರಲ್ಲ ನಿಂಗೆ."

ನಗು ಇನ್ನೂ ಜೋರಾಯಿತು. ಮೇಡಂ ಅವ್ವನ ಕಡೆ ತಿರುಗಿದರು. "ಬೇರೆ ಏನು ನೆನಪಿದೆ ರಾಮಾಂಜಿನಮ್ಮ?"

ಅವ್ವ ಸೆರಗು ಸರಿಮಾಡಿಕೊಂಡಳು. "ಹೊಡೀತಿದ್ರು, ಸುಳ್ಯಾಕೆ. ಆದ್ರೆ ಕಾಯಿ ಕೀಳೋ ಕಾಲ್ದಾಗೆ ಪಾಠ ನಿಲ್ಲುಸ್ಬುಡೋರು. ಬಂದ ಐಕಳಿಗೆ ಕತೆ ಹೇಳೋರು, ಹಳೇದ್ನೇ ಓದ್ಸೋರು. ನಾವು ಹೊಲ ಮುಗ್ಸಿ ಹೋದ್ಮ್ಯಾಲೇ ಹೊಸ ಪಾಠ. ಒಬ್ರು ಕಮ್ಮಿ ಇದ್ರೂ ಹಾಳೆ ತಿರುವ್ತಿರ್ಲಿಲ್ಲ. ಸಾಲ್ನಾಗೆ ಮೊಳೀದಿರೋ ತಾವ ತಿರ್ಗ ಬೀಜ ಹಾಕಲ್ವಾ, ಇದೂ ಅಂಗೇ ಅನ್ನೋರು."

"ಇದನ್ನ ನನಗೆ ಯಾರೂ ಹೇಳ್ಲೇ ಇಲ್ಲ," ಎಂದರು ಮೇಡಂ.

"ಅದೆಲ್ಲ ಆಗ," ಎಂದ ತಿಪ್ಪೇಶಣ್ಣ. "ಈಗ ವಾರವಾರ ಪರೀಕ್ಷೆ ಮಾಡಿ ಮಾರ್ಕ್ಸು ಮೊಬೈಲ್ನಾಗೆ ಹಾಕ್ಬೇಕು. ಪಾಠ ನಿಲ್ಸಿದ್ರೆ ನಿಮ್ಗೇ ನೋಟೀಸು. ಕಲಿಯೋವು ಹೆಂಗೂ ಕಲೀತವೆ. ಮನ್ಸಿಲ್ದೋವು ಬುಡ್ತವೆ. ರಾಮಾಂಜಿನಮ್ಮನ ದೊಡ್ಮಗ್ಳು ಬುಡ್ಲಿಲ್ವಾ, ಅಂಗೆ."

ಎಲ್ಲರೂ ನನ್ನ ಕಡೆ ನೋಡಿದರು.

"ಹೂಂ, ಅವ್ಳಿಗೆ ಮನ್ಸಿರ್ಲಿಲ್ಲ," ಎಂದಳು ಅವ್ವ.

ಇಷ್ಟು ವರ್ಷ ಅವ್ವ ಹಾಗೇ ತಿಳಿದಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

"ಮನಸ್ಸಿತ್ತು," ಎಂದೆ. "ಹೊಲ ಮುಗ್ಸಿ ವಾಪಸ್ ಹೋದಾಗ ಭಿನ್ನರಾಶಿ ಮುಗ್ದೋಗಿತ್ತು. ಬೋರ್ಡ್ ಮೇಲಿಂದು ಒಂದೂ ತಿಳೀಲಿಲ್ಲ. ಕೇಳಕ್ಕೆ ನಾಚ್ಕೆ ಆಯ್ತು."

ತಿಪ್ಪೇಶಣ್ಣ ಫೋನು ತೆಗೆದು ನೋಡಿದ. ವಿಷಯ ಮುಂದಿನ ಸಭೆಗೆ ಹೋಯಿತು, ಟೀ ಬಂತು.

ಹೊರಡುವಾಗ ಮೇಡಂ ಹತ್ತಿರ ಬಂದರು. "ಯೋಜನೇಲಿ ಬರೀತೀನಿ. ಮೇಲಿನವರು ಓದ್ತಾರೋ ಇಲ್ವೋ. ಅವರು ಒಪ್ಪೋವರ್ಗೂ ಪಾಠ ನಿಲ್ಸೋಕೆ ನನ್ನ ಕೈಲಾಗಲ್ಲ." ಅವರ ಮುಖ ದಣಿದಿತ್ತು.

ದಾರಿಯಲ್ಲಿ ಅವ್ವ ಕೇಳಿದಳು, "ಆವಾಗ್ಲೇ ಯಾಕೆ ಹೇಳ್ಲಿಲ್ಲಮ್ಮಿ?"

"ನೀನು ಯಾವಾಗ್ಲೂ ಸುಸ್ತಾಗಿರ್ತಿದ್ದೆ."

ಸೋಮವಾರ ಬೆಳಿಗ್ಗೆ ಸುನಿತಾ ಹೊಲಕ್ಕೆಂದು ತಲೆಗೆ ಟವೆಲ್ ಕಟ್ಟಿಕೊಂಡಿದ್ದಳು. ಅವ್ವ ಅದನ್ನು ಬಿಚ್ಚಿ ಅವಳ ಕೈಗೆ ಬ್ಯಾಗು ಕೊಟ್ಟಳು. "ಮೇಡಂ ಪಾಠ ನಿಲ್ಸಲ್ವಂತೆ. ಹಾಳೆ ತಿರುವೋವಾಗ ನೀನು ಅಲ್ಲಿರ್ಬೇಕು. ಓಗು."

ನಾವಿಬ್ಬರೇ ಹೊಲಕ್ಕೆ ಹೋದೆವು. ಸುನಿತಾಳ ಪಾಲಿನ ಸಾಲುಗಳನ್ನೂ ನಾನೇ ಹಿಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಬೆರಳ ತುದಿಗಳು ಉರಿಯುತ್ತಿದ್ದವು, ಅಂದುಕೊಂಡಷ್ಟು ಕೆಲಸ ಆಗಿರಲಿಲ್ಲ. ಅವ್ವ ಸೊಂಟ ಹಿಡಿದುಕೊಂಡು ಎದ್ದು ನಿಂತಳು.

"ನಾಳೇನೂ ಇಂಗೇ ಆಯ್ತದೆ ಕಣಮ್ಮ," ಎಂದಳು.

ಆಗಲಿ ಎಂದು ಮುಂದಿನ ಗಿಡಕ್ಕೆ ಬಗ್ಗಿದೆ.