‘ನೋಡೋಣ’ ಅಂದರೆ ಹೂಂ ಅಲ್ಲ

ಮಧ್ಯಾಹ್ನವೇ ಮನೆಗೆ ಬಂದ ತಂಗಿ ಚೀಲವನ್ನು ಮಂಚದ ಮೇಲೆ ಎಸೆದಳು. ಹೊಲಿಗೆ ಕಾರ್ಖಾನೆಯ ಹೆಂಗಸರ ಕೆಮ್ಮಿನ ಬಗ್ಗೆ ನಾಲ್ಕು ವರ್ಷದಿಂದ ಪಿಎಚ್.ಡಿ. ಮಾಡುತ್ತಿರುವವಳು. ಅಮ್ಮ ಅಂಥದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿದು, ಕೆಮ್ಮಿ, ಇವಳನ್ನು ಓದಿಸಿದವಳು.

“ಏನಾಯ್ತೇ?” ಅಂದಳು ಅಮ್ಮ.

“ಮೂರನೇ ಅಧ್ಯಾಯ ಕಿತ್ತುಹಾಕಬೇಕಂತೆ. ಕಮಿಟಿಯಲ್ಲಿ ಒಬ್ಬರು ಸಂದರ್ಶನ ಜಾಸ್ತಿಯಾಯ್ತು ಅಂದ್ರು, ಇನ್ನೊಬ್ಬರು ಸಾಲದು ಅಂದ್ರು. ನಮ್ಮ ಗೈಡ್ ಬಾಯಿ ಹೊಲ್ಕೊಂಡು ಕೂತಿದ್ರು. ಸಾಕು ಅಮ್ಮ, ನಾಳೆ ಪಿಎಚ್.ಡಿ. ಬಿಡ್ತೀನಿ ಅಂತ ಬರ್ದುಕೊಟ್ಟು ಬರ್ತೀನಿ.”

ಆ ಹೆಂಗಸರು ತಮ್ಮ ಬಾಯಲ್ಲಿ ಹೇಳಿದ್ದೆಲ್ಲ ಇದ್ದದ್ದು ಆ ಅಧ್ಯಾಯದಲ್ಲೇ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದಳು. “ಅದನ್ನ ಬರಿ ಅಂತ ಗೈಡ್ ಹೇಳಿದ್ರಾ?”

“ಬರೀಲಾ ಅಂತ ಕೇಳಿದ್ದೆ. ‘ನೋಡೋಣ’ ಅಂದ್ರು.”

“ಅಮ್ಮ, ಈ ಕೋಣೆಗೆ ಫ್ಯಾನ್ ಹಾಕ್ಸಿ ಅಂದಾಗ ಅಪ್ಪ ಏನಂದಿದ್ರು?”

“ನೋಡೋಣ ಅಂದಿದ್ರು.”

“ಬಂತಾ?”

“ಹನ್ನೊಂದು ವರ್ಷದಿಂದ ನೋಡ್ತಾನೇ ಇದಾರೆ!”

ಸಿಟ್ಟಿನಲ್ಲಿದ್ದ ತಂಗಿಗೂ ನಗು ಬಂತು.

“ವಾರ್ಡಲ್ಲಿ ಡಾಕ್ಟ್ರು ಫೋನಲ್ಲಿ ಔಷಧಿ ಹೇಳಿದ್ರೆ ನಾವು ಬರ್ಕೋತೀವಿ, ಅವರಿಗೇ ಓದಿ ಹೇಳ್ತೀವಿ. ಸರಿ ಅಂದ್ಮೇಲೇ ಕೊಡೋದು,” ಅಂದಳು ಅಕ್ಕ. “ನೀನೂ ಗೈಡ್ ಹೇಳಿದ್ದನ್ನ ಅವತ್ತೇ ನಾಲ್ಕು ಸಾಲು ಬರ್ದು ಕಳ್ಸು.”

“ಸಿಟ್ಟಾದ್ರೆ? ಸಹಿ ಅವರ ಕೈಲಿದೆ ಅಕ್ಕ.”

“ಹೌದು ಕಣೇ, ದೊಡ್ಡವರನ್ನ ಎದುರು ಹಾಕ್ಕೋಬಾರ್ದು,” ಎಂದಳು ಅಮ್ಮ.

“ಡಾಕ್ಟ್ರೂ ಮೊದಮೊದಲು ಗುರ್ ಅಂತಿದ್ರಮ್ಮ. ತಪ್ಪಾದ್ರೆ ಏಟು ಬೀಳೋದು ನಮಗೇ. ಬಿಟ್ಟುಹೋಗೋ ಪತ್ರ ಬರೆಯೋಕೆ ಧೈರ್ಯ ಇದೆ, ಈ ನಾಲ್ಕು ಸಾಲಿಗೆ ಇಲ್ವಾ?”

ತಂಗಿ ಬರೆದಳು: ‘ಸರ್, ಸಮಿತಿಯ ಇಬ್ಬರ ಸಲಹೆ ಒಂದಕ್ಕೊಂದು ವಿರುದ್ಧವಾಗಿದೆ. ಅಧ್ಯಾಯ ಉಳಿಸಿ, ಇನ್ನೂ ಆರು ಸಂದರ್ಶನ ಮಾಡಬೇಕೆಂದಿದ್ದೇನೆ. ನಿಮ್ಮ ಒಪ್ಪಿಗೆ ಇದೆಯೇ? ಇಲ್ಲವಾದರೆ ಯಾವುದನ್ನು ಬದಲಿಸಲಿ?’

ಎಂಟು ದಿನ ಉತ್ತರವಿಲ್ಲ. ಅದನ್ನೇ ಮತ್ತೆ ಕಳಿಸಿದಳು. ಗೈಡ್ ಕರೆಸಿದರು.

“ಏನಮ್ಮ, ನನಗೇ ನೋಟೀಸಾ?”

“ಇಲ್ಲ ಸರ್. ನಾನು ತಪ್ಪು ತಿಳ್ಕೊಂಡು ಇನ್ನೊಂದು ವರ್ಷ ಕಳ್ಕೋಬಾರ್ದು ಅಂತ.”

ಅವರು ಗೊಣಗಿದರು. ಕನ್ನಡಕ ಒರೆಸಿದರು. ಕೊನೆಗೆ ಆ ಅಧ್ಯಾಯವನ್ನು ಮೊದಲ ಸಲ ಪೂರ್ತಿ ಓದಿ, ‘ಇರಲಿ, ಆರು ಸಂದರ್ಶನ ಸೇರಿಸು’ ಎಂದು ಬರೆದುಕೊಟ್ಟರು. ಮುಂದಿನ ಸಭೆಯಲ್ಲಿ ಮತ್ತೆ ‘ಕಿತ್ತುಹಾಕಿ’ ಎಂಬ ಮಾತು ಬಂದಾಗ, “ಉಳಿಸು ಅಂದವನು ನಾನೇ” ಎಂದರು. ಅಧ್ಯಾಯ ಉಳಿಯಿತು. ಆ ಹೆಂಗಸರ ಮಾತೂ ಉಳಿಯಿತು.

ಎಲ್ಲ ಗೈಡುಗಳೂ ಹೀಗೆ ಬಗ್ಗುವುದಿಲ್ಲ, ನಮಗದು ಗೊತ್ತು. ಸಹಿಯನ್ನು ಚಾಟಿಯಂತೆ ಬೀಸುವವರಿದ್ದಾರೆ, ಮನೆಗೆಲಸ ಹೇಳುವವರಿದ್ದಾರೆ, ನಾಲ್ಕು ಜನರೆದುರು ಅವಮಾನಿಸುವವರಿದ್ದಾರೆ. ಅಂಥದ್ದಾದರೆ ದಿನಾಂಕ ಹಾಕಿ ಬರೆದಿಡಿ. ನಂಬುವ ಇನ್ನೊಬ್ಬ ಅಧ್ಯಾಪಕರಿಗೆ ಹೇಳಿ. ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲೇ ಕೊಡಿ. ಗೈಡ್ ಬದಲಿಸಿ ಎಂದು ಕೇಳುವುದು ದ್ರೋಹವಲ್ಲ. ಒಬ್ಬರೇ ಹೋಗಲು ಹೆದರಿಕೆಯಾದರೆ ಜೊತೆಯ ಸಂಶೋಧಕರನ್ನು ಕರೆದುಕೊಂಡು ಹೋಗಿ.

ಗೆಳೆಯರೇ, ಗೆಳತಿಯರೇ, ಮಾರ್ಗದರ್ಶನ ಯಾರೂ ಹಾಕುವ ಭಿಕ್ಷೆಯಲ್ಲ, ಅದಕ್ಕಾಗಿಯೇ ಅವರಿಗೆ ಆ ಕುರ್ಚಿ. ನಿಮ್ಮ ವರ್ಷಗಳನ್ನು ಯಾರದೋ ಮೌನಕ್ಕೆ ಒಪ್ಪಿಸಬೇಡಿ. ಕೇಳಿ!